ಮೇಲೆಷ್ಟು, ಕೆಳಗೆಷ್ಟು? ಮನೆಯ ಸೆಕೆಗೊಂದು ಲೆಕ್ಕ

ಮಾರ್ಚ್ ಬಂತು ಅಂದರೆ ನಮ್ಮ ಕರಾವಳಿಯ ಫೋನ್ ಮಾತುಗಳೆಲ್ಲ ಒಂದೇ ಸಾಲಿನಿಂದ ಶುರುವಾಗುತ್ತವೆ: “ಎಂತ ಸೆಕೆ ಮಾರಾಯ್ರೆ!” ಘಟ್ಟದ ಮೇಲಿನವರು ಬಿಸಿಲು ಅನ್ನುತ್ತಾರೆ, ನಮಗೆ ಅದು ಸೆಕೆ. ಈ ಶಬ್ದದಲ್ಲಿ ಬಿಸಿಯ ಜತೆ ಬೆವರೂ ಇದೆ, ನಿದ್ದೆ ಬಾರದ ರಾತ್ರಿಯೂ ಇದೆ. ಆದರೆ ಎಷ್ಟು ಸೆಕೆ ಅಂತ ಯಾರಾದರೂ ಕೇಳಿದರೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ.

ನನ್ನನ್ನು ಹಾಗೆ ಕೇಳಿದ್ದು ಅಮ್ಮನ ಡಾಕ್ಟರು. ನಾನಿರುವುದು ಮಣಿಪಾಲದ ಫ್ಲ್ಯಾಟಿನಲ್ಲಿ, ಅತ್ತೆ-ಮಾವ ಕಾರ್ಕಳದ ಹಂಚಿನ ಮನೆಯಲ್ಲಿ, ಅಮ್ಮ ಕಾಪುವಿನಲ್ಲಿ ಒಬ್ಬರೇ. ಅಮ್ಮನಿಗೆ 72 ವರ್ಷ, ಬಿ.ಪಿ.ಗೆ ಮಾತ್ರೆ ಉಂಟು. ಮಲಗುವುದು ಮೇಲಿನ ಮಹಡಿಯ ಕೋಣೆಯಲ್ಲಿ, ನೇರ ಸ್ಲ್ಯಾಬಿನ ಕೆಳಗೆ. ಅದು ಅಪ್ಪ ಇದ್ದಾಗಿನ ಕೋಣೆ, ಬಿಟ್ಟು ಬರಲು ಅವರಿಗೆ ಮನಸ್ಸಿಲ್ಲ. ಹೋದ ಏಪ್ರಿಲ್‌ನಲ್ಲಿ ಎರಡು ಸಲ ಬೆಳಗ್ಗೆ ಎದ್ದಾಗ ತಲೆ ತಿರುಗಿ ಗೋಡೆ ಹಿಡಿದು ಕೂತಿದ್ದರಂತೆ. ಇದನ್ನು ನನಗೆ ಹೇಳಿದ್ದು ಪಕ್ಕದ ಮನೆಯವರು. ಅಮ್ಮನನ್ನು ಕೇಳಿದರೆ, “ಎಂತ ಇಲ್ಲ, ಸ್ವಲ್ಪ ಸೆಕೆ ಅಷ್ಟೆ.”

ಡಾಕ್ಟರು ಬಿ.ಪಿ. ನೋಡಿದರು, ಮಾತ್ರೆಗಳ ಪಟ್ಟಿ ನೋಡಿದರು. ಅದರಲ್ಲೊಂದು ಮೂತ್ರ ಹೆಚ್ಚು ಹೋಗುವ ಹಾಗೆ ಮಾಡುವ ಮಾತ್ರೆ. ರಾತ್ರಿಯಿಡೀ ಬೆವರಿ, ಅದರ ಮೇಲೆ ಈ ಮಾತ್ರೆಯೂ ಇದ್ದರೆ ಮೈಯ ನೀರು ಬೇಗ ಕಡಿಮೆಯಾಗುತ್ತದೆ ಅಂದರು. ಆಮೇಲೆ ಕೇಳಿದರು, “ರಾತ್ರಿ ಕೋಣೆ ಎಷ್ಟು ಬಿಸಿ ಇರ್ತದೆ?” ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಮನೆಯ ಒಳಗಿನ ಮತ್ತು ಹೊರಗಿನ ಉಷ್ಣಾಂಶವನ್ನು ಒಂದೇ ಪರದೆಯಲ್ಲಿ ತೋರಿಸುವ ವೈರ್‌ಲೆಸ್ ಥರ್ಮಾಮೀಟರ್ ನಮ್ಮ ಮನೆಗೆ ಬಂದದ್ದು ಹೀಗೆ. ಡಬ್ಬ ಬಿಚ್ಚುವಾಗ ಅಮ್ಮ ಹೇಳಿದ್ದು: “ಸೆಕೆ ಉಂಟು ಅಂತ ಹೇಳ್ಲಿಕ್ಕೆ ಒಂದು ಮೆಷಿನ್ ಬೇಕಾ?” ಪ್ರಶ್ನೆ ಸರಿಯಾದದ್ದೇ. ಸೆಕೆ ಉಂಟು ಅಂತ ಹೇಳಲು ಬೇಡ. ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ, ಒಳಗೂ ಹೊರಗೂ ಎಷ್ಟು ವ್ಯತ್ಯಾಸ ಅಂತ ಹೇಳಲು ಬೇಕು. ಈ ವ್ಯತ್ಯಾಸ ಗೊತ್ತಾದರೆ ಏನು ಮಾಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಫೋನ್ ತೋರಿಸುವುದು ನಿಮ್ಮ ಕೋಣೆಯನ್ನಲ್ಲ

“ಫೋನಿನಲ್ಲೇ ಬರ್ತದಲ್ಲ” ಅಂತ ಆಫೀಸಿನ ಗೆಳೆಯರು ಕೇಳಿದರು. ಬರುತ್ತದೆ. ಆದರೆ ಫೋನಿನ ಆ್ಯಪ್ ತೋರಿಸುವ 32 ಡಿಗ್ರಿ ಹೆಚ್ಚಾಗಿ ಕಂಪ್ಯೂಟರ್ ಲೆಕ್ಕದಿಂದ ಬಂದ ಅಂದಾಜು. ಹವಾಮಾನ ಇಲಾಖೆಯ ಹಳೆಯ ವೀಕ್ಷಣಾಲಯಗಳು ನಮ್ಮ ಸುತ್ತಮುತ್ತ ಇರುವುದು ಪಣಂಬೂರು, ಬಜಪೆ ವಿಮಾನ ನಿಲ್ದಾಣ, ಹೊನ್ನಾವರದಂಥ ಕಡೆ. ಅಲ್ಲಿ ಅಳೆಯುವುದು ಬಯಲಿನಲ್ಲಿ, ನೆರಳಿನಲ್ಲಿ, ನೆಲದಿಂದ ನಾಲ್ಕೈದು ಅಡಿ ಎತ್ತರದ ಗಾಳಿಯ ಬಿಸಿಯನ್ನು. ಊರಿನ ಹವೆ ತಿಳಿಯಲು ಅದೇ ಸರಿಯಾದ ಕ್ರಮ. ನಿಮ್ಮ ಸ್ಲ್ಯಾಬು ಮಧ್ಯಾಹ್ನ ಎಷ್ಟು ಕಾದಿತ್ತು, ನೀವು ಸಂಜೆ ಕಿಟಕಿ ಹಾಕಿದಿರೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಾಗುವ ದಾರಿಯಿಲ್ಲ.

ಇನ್ನೊಂದು ಸಂಗತಿ. ಕರಾವಳಿಯಲ್ಲಿ ‘ಉಷ್ಣ ಅಲೆ’ ಅಂತ ಹವಾಮಾನ ಇಲಾಖೆ ಘೋಷಿಸಲು ಗರಿಷ್ಠ ಉಷ್ಣಾಂಶ 37 ಡಿಗ್ರಿ ಮುಟ್ಟಿರಬೇಕು, ಜತೆಗೆ ಆ ದಿನದ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿರಬೇಕು. ಬಯಲುಸೀಮೆಗೆ ಈ ಮಿತಿ 40. ಸಮುದ್ರ ಪಕ್ಕದಲ್ಲೇ ಇರುವ ನಮ್ಮೂರು 37 ದಾಟುವುದು ಅಪರೂಪ. ಹಾಗಾಗಿ ಎಚ್ಚರಿಕೆ ಬಾರದ ದಿನವೂ ಮೇಲಿನ ಮಹಡಿಯ ಕೋಣೆಯೊಂದು ವಯಸ್ಸಾದವರಿಗೆ ಕಷ್ಟ ಕೊಡುವಷ್ಟು ಬಿಸಿಯಾಗಿರಬಹುದು.

ಡಿಗ್ರಿಯ ಪಕ್ಕದಲ್ಲಿರುವ ಶೇಕಡಾ

ಕೊಳ್ಳುವಾಗ ಮೊದಲ ಶರತ್ತು ಇದು: ಉಷ್ಣಾಂಶ ಮಾತ್ರ ತೋರಿಸುವ ಮಾಡೆಲ್ ನಮ್ಮೂರಿಗೆ ಸಾಲದು. ಗಾಳಿಯ ತೇವಾಂಶವನ್ನೂ ತೋರಿಸಬೇಕು, ಒಳಗಿನದ್ದೂ ಹೊರಗಿನದ್ದೂ.

ಕಾರಣ ಬೆವರು. ಬೆವರು ಆವಿಯಾಗುವಾಗ ಮೈಯ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಬೆವರು ಆರುವುದಿಲ್ಲ, ಮೈಮೇಲೆ ಇಳಿಯುತ್ತದೆ ಅಷ್ಟೆ. ಅಮೆರಿಕದ ಹವಾಮಾನ ಸೇವೆಯವರ ಒಂದು ಕೋಷ್ಟಕ ಉಂಟು, ಬಿಸಿ ಮತ್ತು ತೇವ ಸೇರಿ ಮೈಗೆ ಹೇಗೆ ಅನ್ನಿಸುತ್ತದೆ ಎಂಬ ಲೆಕ್ಕ. ಅದರ ಪ್ರಕಾರ 32 ಡಿಗ್ರಿಯಲ್ಲಿ ತೇವಾಂಶ ಶೇ. 40 ಇದ್ದರೆ ಮೈಗೆ ಸುಮಾರು 33ರ ಹಾಗೆ ಅನ್ನಿಸುತ್ತದೆ. ಅದೇ 32 ಡಿಗ್ರಿಯಲ್ಲಿ ತೇವಾಂಶ ಶೇ. 75 ಆದರೆ 43ರ ಹಾಗೆ! ಹತ್ತು ಡಿಗ್ರಿ ವ್ಯತ್ಯಾಸ.

ಕೆಲವು ಮಾಡೆಲ್‌ಗಳು ‘ಡ್ಯೂ ಪಾಯಿಂಟ್’ ಅಂದರೆ ಇಬ್ಬನಿ ಬಿಂದುವನ್ನೂ ತೋರಿಸುತ್ತವೆ. ಗಾಳಿಯನ್ನು ಎಷ್ಟು ಡಿಗ್ರಿಗೆ ತಂಪು ಮಾಡಿದರೆ ಅದರ ನೀರು ಹನಿಯಾಗುತ್ತದೋ ಆ ಸಂಖ್ಯೆ ಅದು. ಕಲಬುರಗಿಯ ಒಂದು ಒಣ ಮಧ್ಯಾಹ್ನ 40 ಡಿಗ್ರಿ, ತೇವಾಂಶ ಶೇ. 20 ಅಂತ ಇಟ್ಟುಕೊಳ್ಳಿ. ಇಬ್ಬನಿ ಬಿಂದು ಸುಮಾರು 13. ನಮ್ಮ 32 ಡಿಗ್ರಿ, ಶೇ. 75ಕ್ಕೆ ಅದು 27. ಅಲ್ಲಿ ಬಿಸಿಲು ಸುಡುತ್ತದೆ, ಆದರೆ ಬೆವರು ಆರುತ್ತದೆ. ನಮ್ಮಲ್ಲಿ ಆರುವುದೇ ಇಲ್ಲ. ನನ್ನ ಅನುಭವದಲ್ಲಿ ಈ ಸಂಖ್ಯೆ 24 ದಾಟಿದ ದಿನ ಮನೆಯಲ್ಲಿ ಎಲ್ಲರೂ ಫ್ಯಾನಿನ ಅಡಿಗೆ ಜಾಗ ಹುಡುಕುತ್ತಾರೆ.

ಕೊಳ್ಳುವಾಗ ಏನು ನೋಡಬೇಕು?

ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಮೂರು ಬಗೆ ಸಿಗುತ್ತವೆ.

ಮೊದಲನೆಯದು, ಮನೆಯೊಳಗೆ ಇಡುವ ಪರದೆ ಮತ್ತು ಹೊರಗೆ ನೇತುಹಾಕುವ ಪುಟ್ಟ ಸೆನ್ಸರ್. ಎರಡೂ ರೇಡಿಯೊ ತರಂಗದಲ್ಲಿ ಮಾತಾಡಿಕೊಳ್ಳುತ್ತವೆ. ಇಂಟರ್‌ನೆಟ್ ಬೇಡ, ಫೋನ್ ಬೇಡ, ಅಕೌಂಟ್ ಬೇಡ. ಮಳೆಗಾಲದಲ್ಲಿ ಕರೆಂಟು ಹೋದರೂ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ. ಹಿರಿಯರಿರುವ ಮನೆಗೆ ನಾನು ಹೇಳುವುದು ಇದನ್ನೇ. ಅಂಕಿಗಳು ದೊಡ್ಡದಿರಲಿ, ಕನ್ನಡಕ ಹುಡುಕದೆ ಓದುವಷ್ಟು.

ಎರಡನೆಯದು ಬ್ಲೂಟೂತ್. ಚಿಕ್ಕದು, ಅಗ್ಗ. ಆದರೆ ಹತ್ತಿರ ಇದ್ದಾಗ ಮಾತ್ರ ಫೋನಿಗೆ ಸಿಗುತ್ತದೆ. ಒಂದೇ ಕೋಣೆಗೆ, ಕಪಾಟಿಗೆ ಸಾಕು.

ಮೂರನೆಯದು ವೈಫೈ. ಕಾಪುವಿನ ಕೋಣೆಯನ್ನು ಮಣಿಪಾಲದಲ್ಲಿ ಕೂತು ನೋಡಬಹುದು. ದೂರದಲ್ಲಿ ಕೆಲಸ ಮಾಡುವ ಮಕ್ಕಳಿಗೆ ಆಸೆಯಾಗುವುದು ಸಹಜ. ಆದರೆ ಎರಡು ಮಾತು. ಮನೆಯ ರೂಟರ್ ಆಫ್ ಆದರೆ ನಿಮಗೆ ಏನೂ ಕಾಣುವುದಿಲ್ಲ. ಮತ್ತೆ, ಇಡುವ ಮುಂಚೆ ಅವರನ್ನು ಕೇಳಿ. ನಮ್ಮಮ್ಮ ನೇರ ಹೇಳಿದರು: “ನಾನು ಫ್ಯಾನ್ ಹಾಕಿದ್ದೇನಾ ಇಲ್ವಾ ಅಂತ ಅಲ್ಲಿಂದ ನೋಡ್ಲಿಕ್ಕಾ? ಬೇಡ.” ಹಾಗಾಗಿ ನಾವು ತಂದದ್ದು ಮೊದಲನೇ ಬಗೆಯದ್ದು, ಒಂದು ಹೆಚ್ಚುವರಿ ಸೆನ್ಸರ್ ಜತೆಗೆ. ಹೆಚ್ಚಿನ ಸೆಟ್‌ಗಳು ಮೂರು ಸೆನ್ಸರ್‌ಗಳವರೆಗೆ ಹಿಡಿಯುತ್ತವೆ.

ಇನ್ನು ಡಬ್ಬದ ಮೇಲಿನ ಸಣ್ಣ ಅಕ್ಷರಗಳು.

ನಿಖರತೆ: ಉಷ್ಣಾಂಶದಲ್ಲಿ ಒಂದು ಡಿಗ್ರಿ ಹೆಚ್ಚು-ಕಡಿಮೆ, ತೇವಾಂಶದಲ್ಲಿ ಶೇ. 5 ಹೆಚ್ಚು-ಕಡಿಮೆ ಅಂತ ಬರೆದಿದ್ದರೆ ಮನೆಗೆ ಸಾಕು. ಅರ್ಧ ಡಿಗ್ರಿ, ಶೇ. 3 ಅಂತಿದ್ದರೆ ಇನ್ನೂ ಒಳ್ಳೆಯದು. ನಿಖರತೆ ಬಗ್ಗೆ ಏನೂ ಬರೆಯದೆ ಪರದೆಯಲ್ಲಿ ದಶಮಾಂಶ ಮಾತ್ರ ತೋರಿಸುವುದನ್ನು ನಂಬಬೇಡಿ.

ದೂರ: 60 ಮೀಟರ್, 100 ಮೀಟರ್ ಅಂತ ಬರೆದಿರುತ್ತಾರೆ. ಅದು ಮೈದಾನದ ಲೆಕ್ಕ. ನಮ್ಮ ಮುರಕಲ್ಲಿನ ದಪ್ಪ ಗೋಡೆ, ಕಾಂಕ್ರೀಟು, ತಾರಸಿಯ ಮೇಲೆ ಹಾಕಿಸಿದ ತಗಡಿನ ಶೀಟು ಇವೆಲ್ಲ ತರಂಗವನ್ನು ತಡೆಯುತ್ತವೆ. ಬರೆದದ್ದರ ಮೂರನೇ ಒಂದು ಭಾಗ ಸಿಕ್ಕಿದರೆ ಆಯ್ತು ಅಂತ ಲೆಕ್ಕ ಹಾಕಿ.

ತರಂಗ: ಹೆಚ್ಚಿನವು 433 ಮೆಗಾಹರ್ಟ್ಸ್‌ನವು. ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ಅಲ್ಲಿಂದ ತರುವವರಿದ್ದರೆ 915 ಮೆಗಾಹರ್ಟ್ಸ್‌ನದ್ದು ಬೇಡ ಅನ್ನಿ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸುವ ತರಂಗಗಳಲ್ಲಿ ಅದು ಸೇರಿಲ್ಲ.

ಚಾನೆಲ್: ಸೆನ್ಸರಿನಲ್ಲಿ 1, 2, 3 ಅಂತ ಸಣ್ಣ ಸ್ವಿಚ್ ಇರುತ್ತದೆ. ಮಣಿಪಾಲದಂಥ ಕಡೆ ಅಪಾರ್ಟ್‌ಮೆಂಟಿನಲ್ಲಿ ಪಕ್ಕದವರದ್ದೂ ಅದೇ ಮಾಡೆಲ್ ಆಗಿದ್ದರೆ ಅವರ ಬಾಲ್ಕನಿಯ ಬಿಸಿ ನಿಮ್ಮ ಪರದೆಗೆ ಬರುವುದುಂಟು. ಆಗ ಚಾನೆಲ್ ಬದಲಿಸಿ.

ನೀರು: ಐಪಿ ಎಂಬ ಅಕ್ಷರಗಳ ಮುಂದಿನ ಎರಡನೇ ಅಂಕಿ ನೀರಿನದ್ದು. 4 ಇದ್ದರೆ ಎರಚಲು ತಡೆಯುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು, ಅದಕ್ಕಿಂತ ಕಡಿಮೆಯದ್ದು ಬೇಡ.

ಬ್ಯಾಟರಿ: ಸಾಮಾನ್ಯ ಆಲ್ಕಲೈನ್ ಸೆಲ್ ಹಾಕಿ. ರೀಚಾರ್ಜ್ ಸೆಲ್‌ಗಳು 1.2 ವೋಲ್ಟಿನವು, ಕೆಲವು ಸೆನ್ಸರ್‌ಗಳು ಅದನ್ನು ‘ಬ್ಯಾಟರಿ ಮುಗಿಯಿತು’ ಅಂತ ತಿಳಿಯುತ್ತವೆ. ಕಾಪುವಿನ ಹಾಗೆ ಉಪ್ಪುಗಾಳಿ ಇರುವಲ್ಲಿ ಎರಡು-ಮೂರು ತಿಂಗಳಿಗೊಮ್ಮೆ ಮುಚ್ಚಳ ತೆರೆದು ಲೋಹದ ಪಟ್ಟಿಗೆ ಹಸಿರು ಹಿಡಿದಿದೆಯಾ ನೋಡಿ ಒರೆಸಬೇಕು.

ಕೊನೆಯದು, ಆದರೆ ನನ್ನ ಮಟ್ಟಿಗೆ ಅತಿ ಮುಖ್ಯ: ಗರಿಷ್ಠ-ಕನಿಷ್ಠ ನೆನಪು. ಕಳೆದ 24 ಗಂಟೆಯಲ್ಲಿ ಅತಿ ಹೆಚ್ಚು ಎಷ್ಟು, ಅತಿ ಕಡಿಮೆ ಎಷ್ಟು ಅಂತ ಅದು ಇಟ್ಟುಕೊಳ್ಳಬೇಕು. ಎರಡು ಗಂಟೆ ರಾತ್ರಿಗೆ ಎದ್ದು ಯಾರೂ ಥರ್ಮಾಮೀಟರ್ ನೋಡುವುದಿಲ್ಲ ಅಲ್ವಾ?

ಬಳಸುವ ಮೊದಲು ಒಂದು ಪರೀಕ್ಷೆ

ತಂದ ದಿನ ಪರದೆ ಮತ್ತು ಸೆನ್ಸರ್‌ಗಳನ್ನು ಒಂದೇ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಒಂದು ರಾತ್ರಿ ಇಡಿ. ಬೆಳಗ್ಗೆ ಎಲ್ಲವೂ ಹೆಚ್ಚುಕಡಿಮೆ ಒಂದೇ ತೋರಿಸಬೇಕು. ಒಂದು ಅರ್ಧ ಡಿಗ್ರಿ ಹೆಚ್ಚು ತೋರಿಸಿದರೆ ಅದರ ಮೇಲೆ ಚೀಟಿ ಅಂಟಿಸಿ ಬರೆದಿಡಿ. ನಮಗೆ ಬೇಕಾದದ್ದು ವ್ಯತ್ಯಾಸ, ಹಾಗಾಗಿ ಇಷ್ಟು ಮಾಡಲೇಬೇಕು.

ತೇವಾಂಶಕ್ಕೆ ಅಡುಗೆಮನೆಯ ಪರೀಕ್ಷೆ ಉಂಟು. ಬಾಟಲಿಯ ಮುಚ್ಚಳವೊಂದರಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನ ಹಾಗಾಗುವಷ್ಟು ನೀರು ಬೆರೆಸಿ. ಪೂರ್ತಿ ಕರಗಬಾರದು. ಅದನ್ನೂ ಸೆನ್ಸರನ್ನೂ ಒಂದು ಗಾಳಿಯಾಡದ ಡಬ್ಬದಲ್ಲಿ ಹಾಕಿ, ಒಂದಕ್ಕೊಂದು ತಾಗದ ಹಾಗೆ ಇಟ್ಟು ಮುಚ್ಚಿ. ಹನ್ನೆರಡು ಗಂಟೆ ಬಿಟ್ಟು ನೋಡಿದರೆ ಶೇ. 75ರ ಹತ್ತಿರ ತೋರಿಸಬೇಕು. ಒದ್ದೆ ಉಪ್ಪಿನ ಮೇಲಿನ ಗಾಳಿ ಯಾವಾಗಲೂ ಅಲ್ಲೇ ಬಂದು ನಿಲ್ಲುತ್ತದೆ. ನಮ್ಮದು 78 ತೋರಿಸಿತು. ಮೂರು ಕಳೆದು ಓದುತ್ತೇವೆ.

ಹೊರಗಿನ ಸೆನ್ಸರ್ ಎಲ್ಲಿರಬೇಕು?

ಎರಡು ಸಾವಿರದ ಸೆನ್ಸರನ್ನು ಬಿಸಿಲಿಗೆ ಇಟ್ಟರೆ ಅದು ಅಳೆಯುವುದು ತನ್ನದೇ ಪ್ಲಾಸ್ಟಿಕ್ಕಿನ ಬಿಸಿಯನ್ನು. ಇದಕ್ಕೆ ಉಪಾಯ ಕಂಡುಹಿಡಿದವರು ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್ಸನ್. ವೃತ್ತಿಯಲ್ಲಿ ದೀಪಸ್ತಂಭ ಕಟ್ಟುವ ಇಂಜಿನಿಯರ್, ‘ಟ್ರೆಶರ್ ಐಲ್ಯಾಂಡ್’ ಬರೆದ ಕಾದಂಬರಿಕಾರನ ಅಪ್ಪ. ಬಿಳಿ ಬಣ್ಣದ, ಸುತ್ತ ಓರೆ ಪಟ್ಟಿಗಳಿರುವ ಮರದ ಪೆಟ್ಟಿಗೆ ಅವರದ್ದು. ಗಾಳಿ ಆಡುತ್ತದೆ, ಬಿಸಿಲು-ಮಳೆ ಒಳಗೆ ಬರುವುದಿಲ್ಲ. ಹವಾಮಾನ ವೀಕ್ಷಣಾಲಯಗಳಲ್ಲಿ ಇವತ್ತಿಗೂ ಆ ಪೆಟ್ಟಿಗೆಗೆ ಅವರದೇ ಹೆಸರು. 1901ರಲ್ಲಿ ಕಟ್ಟಿದ ನಮ್ಮ ಕಾಪು ದೀಪಸ್ತಂಭದ ಕೆಳಗೆ ಫೋಟೊ ತೆಗೆಸಿಕೊಳ್ಳುವಾಗ ನನಗೆ ಈಗ ಆ ಪೆಟ್ಟಿಗೆಯೂ ನೆನಪಾಗುತ್ತದೆ.

ಮನೆಯಲ್ಲಿ ಮಾಡಬೇಕಾದದ್ದೂ ಅದೇ: ನೆರಳು, ಗಾಳಿ, ನಾಲ್ಕರಿಂದ ಆರು ಅಡಿ ಎತ್ತರ. ಎ.ಸಿ.ಯ ಹೊರಗಿನ ಯಂತ್ರ, ಅಡುಗೆಮನೆಯ ಎಕ್ಸಾಸ್ಟ್, ಬಟ್ಟೆ ಒಣಗಿಸುವ ಹಗ್ಗ, ಬಿಸಿಲು ಬೀಳುವ ಕಾಂಪೌಂಡ್ ಗೋಡೆ, ತಗಡಿನ ಶೀಟು ಇವುಗಳಿಂದ ದೂರ. ಗೋಡೆಗೆ ಅಂಟಿಸಬೇಡಿ, ನಡುವೆ ಒಂದಿಷ್ಟು ಜಾಗ ಬಿಟ್ಟು ನೇತುಹಾಕಿ.

ಜತೆಗೆ ಬರುವ ಇಂಗ್ಲಿಷ್ ಪುಸ್ತಿಕೆಯಲ್ಲಿ ‘ಉತ್ತರದ ಗೋಡೆಗೆ ಹಾಕಿ’ ಅಂತಿರುತ್ತದೆ. ಯುರೋಪಿಗೆ ಆ ಮಾತು ಸರಿ. ಉಡುಪಿ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 25ರ ಆಸುಪಾಸಿನಲ್ಲಿ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ‘ಶೂನ್ಯ ನೆರಳಿನ ದಿನ’ ಅಂತ ಪ್ರತಿ ವರ್ಷ ಸುದ್ದಿಯಾಗುತ್ತದಲ್ಲ, ಅದು. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಬೆಳಗ್ಗೆ-ಸಂಜೆಯ ಓರೆ ಬಿಸಿಲು ಏಪ್ರಿಲ್-ಮೇ ತಿಂಗಳಲ್ಲಿ ಉತ್ತರದ ಗೋಡೆಗೂ ಬೀಳುತ್ತದೆ. ಅಂದರೆ ನಮಗೆ ಸೆನ್ಸರ್ ಹೆಚ್ಚು ಬೇಕಾದ ತಿಂಗಳಲ್ಲೇ ಆ ಗೋಡೆಗೆ ಬಿಸಿಲು. ಹಾಗಾಗಿ ದಿಕ್ಕಿಗಿಂತ ಮಾಡು ಮುಖ್ಯ. ಅಗಲ ಮಾಡಿನ ಅಡಿಯಲ್ಲಿ, ಜಗಲಿಯ ಪಕ್ಕಾಸಿಗೆ ನೇತುಹಾಕಿದರೆ ಬಹಳ ಸರಿ. ಒಂದು ರಜಾದಿನ ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ, ಸಂಜೆ ಐದಕ್ಕೆ ಆ ಜಾಗಕ್ಕೆ ಬಿಸಿಲು ಬೀಳುತ್ತದಾ ನೋಡಿ ಮೊಳೆ ಹೊಡೆಯಿರಿ.

ಅಮ್ಮನ ಕೋಣೆ ಹೇಳಿದ್ದು

ಕಾಪುವಿನಲ್ಲಿ ಪರದೆಯನ್ನು ಕೆಳಗಿನ ಕೋಣೆಯಲ್ಲಿ ಇಟ್ಟೆವು, ಒಂದು ಸೆನ್ಸರ್ ಮೇಲಿನ ಮಲಗುವ ಕೋಣೆಗೆ, ಇನ್ನೊಂದು ಜಗಲಿಗೆ. ಒಳಗೆ-ಹೊರಗೆ ಅಂತ ಡಬ್ಬದ ಮೇಲೆ ಬರೆದಿದೆ ಅಂತ ಸೆನ್ಸರ್ ಹೊರಗೇ ಇರಬೇಕೆಂದಿಲ್ಲ, ಎರಡು ಕೋಣೆಗಳನ್ನು ಹೋಲಿಸಲೂ ಆಗುತ್ತದೆ. ಒಂದು ವಾರ ರಾತ್ರಿ ಹತ್ತಕ್ಕೆ ಮತ್ತು ಬೆಳಗ್ಗೆ ಆರಕ್ಕೆ ಕ್ಯಾಲೆಂಡರಿನಲ್ಲಿ ಬರೆಯಿರಿ ಅಂತ ಅಮ್ಮನಿಗೆ ಹೇಳಿದೆ. ಹಾಲಿನ ಲೆಕ್ಕ ಬರೆಯುವ ಅದೇ ಕ್ಯಾಲೆಂಡರ್.

ಏಪ್ರಿಲ್ ಕೊನೆಯ ವಾರದ ಒಂದು ದಿನ: ರಾತ್ರಿ ಹತ್ತಕ್ಕೆ ಜಗಲಿಯಲ್ಲಿ 28.6, ಕೆಳಗಿನ ಕೋಣೆ 31, ಮೇಲಿನ ಕೋಣೆ 34.1. ಬೆಳಗ್ಗೆ ಆರಕ್ಕೆ ಜಗಲಿ 26.4, ಕೆಳಗೆ 29.3, ಮೇಲೆ 31.5. ಅಂದರೆ ಅಮ್ಮ ಮಲಗುವ ಕೋಣೆ ರಾತ್ರಿಯಿಡೀ 31ಕ್ಕಿಂತ ಕೆಳಗೆ ಇಳಿದೇ ಇಲ್ಲ, ಹೊರಗೆ 26 ಇದ್ದಾಗಲೂ.

ಕಾರ್ಕಳದ ಗೊಮ್ಮಟಬೆಟ್ಟವನ್ನು ಸಂಜೆ ಹತ್ತಿದವರಿಗೆ ಇದು ಅರ್ಥವಾಗುತ್ತದೆ. ಸೂರ್ಯ ಇಳಿದ ಮೇಲೂ ಬಂಡೆ ಕಾಲಿಗೆ ಬಿಸಿ ತಾಗುತ್ತಲೇ ಇರುತ್ತದೆ. ಕಾಂಕ್ರೀಟ್ ಸ್ಲ್ಯಾಬೂ ಹಾಗೆಯೇ. ಹಗಲಿಡೀ ಕುಡಿದ ಬಿಸಿಯನ್ನು ರಾತ್ರಿ ಕೆಳಗಿನ ಕೋಣೆಗೆ ಬಿಡುತ್ತದೆ. ಕಾರ್ಕಳದ ಮಾವನ ಮನೆಯಲ್ಲಿ ಮಧ್ಯಾಹ್ನ ಕಾಪುವಿಗಿಂತ ಎರಡು ಡಿಗ್ರಿ ಹೆಚ್ಚೇ ಇರುತ್ತದೆ, ಸಮುದ್ರದ ಗಾಳಿ ಅಲ್ಲಿಗೆ ಮುಟ್ಟುವಾಗ ತಡವಾಗುತ್ತದೆ. ಆದರೆ ರಾತ್ರಿ ಹತ್ತಕ್ಕೆ ಹಂಚಿನ ಮಾಡಿನ ಕೋಣೆಗೂ ಹೊರಗಿಗೂ ಒಂದೇ ಡಿಗ್ರಿ ವ್ಯತ್ಯಾಸ. ಹಂಚು ತೆಳು, ಬೇಗ ಕಾಯುತ್ತದೆ, ಬೇಗ ಆರುತ್ತದೆ, ಸಂದಿಗಳಿಂದ ಬಿಸಿಗಾಳಿ ಮೇಲೆ ಹೋಗುತ್ತದೆ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯುದ್ದಕ್ಕೂ ಹರಡಿದ ಈ ಮಾಡು ನಮ್ಮ ಸೆಕೆಗೆ ಎಷ್ಟು ಹೊಂದುತ್ತದೆ ಎಂಬುದನ್ನು ಈಗ ಸಂಖ್ಯೆಯಲ್ಲಿ ನೋಡಿದೆವು.

ವಾರ ಮುಗಿದಾಗ ಅಮ್ಮ ತಾವೇ ಕ್ಯಾಲೆಂಡರ್ ತಂದು ತೋರಿಸಿದರು. “ಇದೆಂತ, ಮೇಲೆ ಒಂದು ದಿನವೂ ಮೂವತ್ತೊಂದರ ಕೆಳಗೆ ಇಳಿಲಿಲ್ಲ ಅಲ್ಲ!” ಎರಡು ವರ್ಷದಿಂದ ನಾನು ಹೇಳುತ್ತಿದ್ದ ಮಾತನ್ನು ಅವರೇ ಹೇಳಿದರು, ಯಾಕೆಂದರೆ ಬರೆದ ಅಕ್ಷರ ಅವರದ್ದೇ. ಮರುದಿನ ಮಂಚ ಕೆಳಗೆ ಬಂತು. ಅದರ ಜತೆ ಅಪ್ಪನ ಫೋಟೊ ಕೂಡ.

ಸಂಖ್ಯೆ ನೋಡಿ ಏನು ಮಾಡುವುದು?

ಕಿಟಕಿ. ಹೊರಗೆ ಒಳಗಿಗಿಂತ ಒಂದು ಡಿಗ್ರಿಯಾದರೂ ಕಡಿಮೆ ಇದ್ದರೆ ತೆರೆಯಿರಿ, ಹೆಚ್ಚಿದ್ದರೆ ಮುಚ್ಚಿ ಪರದೆ ಎಳೆಯಿರಿ. ಕಾಪುವಿನಲ್ಲಿ ಸಂಜೆ ಏಳರ ಹೊತ್ತಿಗೆ ಹೊರಗೆ ತಂಪಾಗಲು ಶುರು. ಸರಿಯಾಗಿ ಅದೇ ಹೊತ್ತಿಗೆ ಸೊಳ್ಳೆ ಬರುತ್ತದೆ ಅಂತ ನಮ್ಮೂರಲ್ಲಿ ಎಲ್ಲರೂ ಕಿಟಕಿ ಹಾಕುತ್ತಾರೆ! ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿದ್ದು ನಮ್ಮ ಮೊದಲ ಖರ್ಚು, ಎ.ಸಿ.ಗಿಂತ ಎಷ್ಟೋ ಕಡಿಮೆ.

ಫ್ಯಾನ್. ಗಾಳಿ 40 ಡಿಗ್ರಿ ದಾಟಿದರೆ ಫ್ಯಾನ್ ಮೈಗೆ ಬಿಸಿಯನ್ನೇ ತರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಕೋಣೆಗಳು ಅಷ್ಟು ಮುಟ್ಟುವುದಿಲ್ಲ, ಫ್ಯಾನ್ ಉಪಕಾರವೇ. ನೀರು ಮಾತ್ರ ಪಕ್ಕದಲ್ಲಿರಲಿ. ಹೃದಯ, ಕಿಡ್ನಿ ತೊಂದರೆ ಇರುವವರು ಎಷ್ಟು ನೀರು ಕುಡಿಯಬೇಕು ಅಂತ ಡಾಕ್ಟರನ್ನೇ ಕೇಳಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಅದೇ ಸಂಸ್ಥೆಯ ಇನ್ನೊಂದು ಸಲಹೆ: ಸೆಕೆಯ ದಿನಗಳಲ್ಲಿ ಕೋಣೆ ಹಗಲು 32ರ ಒಳಗೆ, ರಾತ್ರಿ 24ರ ಒಳಗೆ ಇರಲಿ, 60 ದಾಟಿದವರಿಗೆ, ಶಿಶುಗಳಿಗೆ ಮುಖ್ಯವಾಗಿ. ಮೇ ತಿಂಗಳಲ್ಲಿ ನಮ್ಮ ಹೊರಗಿನ ಗಾಳಿಯೇ ರಾತ್ರಿ 26ರ ಆಸುಪಾಸು ಇರುವಾಗ 24 ಎ.ಸಿ. ಇಲ್ಲದೆ ಆಗದ ಮಾತು. ಆದರೆ ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆ ಯಾವುದು ಅಂತ ಹುಡುಕಿ ಹಿರಿಯರನ್ನು ಅಲ್ಲಿ ಮಲಗಿಸುವುದು ಖರ್ಚಿಲ್ಲದ ಕೆಲಸ.

ಸ್ಲ್ಯಾಬ್. ಈ ಬೇಸಿಗೆಗೆ ಮುಂಚೆ ತಾರಸಿಗೆ ಬಿಳಿ ಬಣ್ಣ ಬಳಿಸಿದೆವು. ರಾತ್ರಿ ಹತ್ತರ ಮೇಲೆ-ಕೆಳಗಿನ ವ್ಯತ್ಯಾಸ ಮೂರರಿಂದ ಎರಡಕ್ಕಿಂತ ಕಡಿಮೆಗೆ ಇಳಿಯಿತು. ಖರ್ಚು ಮಾಡಿದ್ದಕ್ಕೆ ಫಲ ಬಂತೋ ಇಲ್ಲವೋ ಅಂತ ಹೇಳಲೂ ಈ ಪೆಟ್ಟಿಗೆ ಆಗುತ್ತದೆ.

ಮಳೆ ಶುರುವಾದ ಮೇಲೆ

ಜೂನ್ ಬಂದ ಮೇಲೆ ಇದನ್ನು ತೆಗೆದಿಡಬೇಡಿ. ಆಗ ಡಿಗ್ರಿ ಬಿಟ್ಟು ಶೇಕಡಾ ನೋಡುವ ಕಾಲ. ಹೊರಗಿನ ಸೆನ್ಸರ್ ದಿನಗಟ್ಟಲೆ 99ರಲ್ಲಿ ನಿಂತರೆ ಅದು ಹಾಳಾಗಿಲ್ಲ, ಆಟಿಯ ಮಳೆಯ ಗಾಳಿಯೇ ಹಾಗೆ. ಒಳಗೆ ಶೇ. 70 ದಾಟಿ ನಿಂತರೆ ಬಟ್ಟೆಗೆ, ಚಪ್ಪಲಿಗೆ, ಪುಸ್ತಕಕ್ಕೆ ಬೂಷ್ಟು ಹಿಡಿಯುವ ಭಯ. ಕಪಾಟಿನ ಒಳಗೊಂದು ಸೆನ್ಸರ್ ಇಟ್ಟು ನೋಡಿ. 26 ಡಿಗ್ರಿ, ಶೇ. 95 ಇರುವ ಗಾಳಿಯನ್ನು ಮೂರು ಡಿಗ್ರಿ ಬೆಚ್ಚಗೆ ಮಾಡಿದರೆ ತೇವಾಂಶ ಸುಮಾರು ಶೇ. 80ಕ್ಕೆ ಇಳಿಯುತ್ತದೆ. ನಮ್ಮ ಅಜ್ಜಿಯಂದಿರು ಒಲೆಯ ಮೇಲಿನ ಅಟ್ಟದಲ್ಲಿ ಸಾಮಾನು ಇಡುತ್ತಿದ್ದದ್ದರಲ್ಲಿ ಈ ಲೆಕ್ಕವೇ ಇದ್ದದ್ದು.

ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಇನ್ನೊಂದು ಉಪಯೋಗ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಒಂದು ಸೆನ್ಸರನ್ನು ಒಂದು ದಿನ ಫ್ರಿಜ್ಜಿನ ಆ ತಟ್ಟೆಯಲ್ಲಿಟ್ಟು ಗರಿಷ್ಠ-ಕನಿಷ್ಠ ನೋಡಿ. ಫ್ರಿಜ್ಜಿನ ಬಾಗಿಲಿನಲ್ಲೂ ಹಿಂಬದಿಯಲ್ಲೂ ಎಷ್ಟು ಬೇರೆ ಬೇರೆ ಎಂಬುದು ಆಗ ಗೊತ್ತಾಗುತ್ತದೆ. ಬಳಕೆಯಲ್ಲಿರುವ ಬಾಟಲಿಯನ್ನು ಹೊರಗಿಡುವವರು ಅದರ ಚೀಟಿ ಓದಿ. ಹೆಚ್ಚಿನವಕ್ಕೆ 30 ಡಿಗ್ರಿ ಮಿತಿ ಇರುತ್ತದೆ, ನಮ್ಮ ಏಪ್ರಿಲ್ ಕೋಣೆಗಳು ಅದನ್ನು ಸಲೀಸಾಗಿ ದಾಟುತ್ತವೆ.

ಒಂದು ಎಚ್ಚರಿಕೆ. ಈ ಪೆಟ್ಟಿಗೆ ಕೋಣೆಯನ್ನು ಅಳೆಯುತ್ತದೆ, ಮನುಷ್ಯರನ್ನಲ್ಲ. ಸೆಕೆಯಲ್ಲಿ ಯಾರಾದರೂ ತಡಬಡಾಯಿಸಿ ಮಾತಾಡಿದರೆ, ಮೈ ಸುಡುತ್ತಿದ್ದರೆ, ಎಚ್ಚರ ತಪ್ಪಿದರೆ ಪರದೆ ಎಷ್ಟೇ ತೋರಿಸಲಿ, ಮೈಗೆ ನೀರು ಚಿಮುಕಿಸಿ ಗಾಳಿ ಹಾಕುತ್ತ 108ಕ್ಕೆ ಫೋನ್ ಮಾಡಿ.

ಈ ಶನಿವಾರ ಊರಿಗೆ ಹೋಗುವವರಿದ್ದರೆ ಒಂದು ಕೆಲಸ ಮಾಡಿ. ಥರ್ಮಾಮೀಟರ್ ಕೊಳ್ಳುವ ಮೊದಲೇ, ರಾತ್ರಿ ಹತ್ತು ಗಂಟೆಗೆ ಅಪ್ಪ-ಅಮ್ಮ ಮಲಗುವ ಕೋಣೆಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂತುಕೊಳ್ಳಿ. ಕಿಟಕಿ ಅವರು ಹೇಗೆ ಇಟ್ಟುಕೊಳ್ಳುತ್ತಾರೋ ಹಾಗೇ ಇರಲಿ. ನಿಮಗೆ ಎದ್ದು ಹೊರಗೆ ಹೋಗಬೇಕು ಅನ್ನಿಸಿದರೆ, ಭಾನುವಾರ ಮಂಚ ಬೇರೆ ಕೋಣೆಗೆ ಹಾಕುವ ಮಾತು ತೆಗೆಯಿರಿ. ಒಪ್ಪದಿದ್ದರೆ ಮುಂದಿನ ಸಲ ಪೆಟ್ಟಿಗೆ ತೆಗೆದುಕೊಂಡು ಹೋಗಿ. ಬರೆಯುವ ಕೆಲಸ ಮಾತ್ರ ಅವರಿಗೇ ಕೊಡಿ.